ಫಿಂಟಾಸಿನ ಅಂಗಳದ ಪ್ರಾರ್ಥನೆ

ಪ್ರೀತಿಯ ಅಯ್ಯನವರೇ,

ಮೊದಲ ಸಲ ನೀವು ಕುವೈತಿನ ಫಿಂಟಾಸಿನ ಆ ಮನೆಯ ಗೇಟಿನಲ್ಲಿ ನಿಂತಾಗ ತೊಟ್ಟಿದ್ದ ಪಾದ್ರಿಯ ಬಿಳಿ ಕಾಲರು ಬೆವರಿನಲ್ಲಿ ನೆನೆದುಹೋಗಿತ್ತು. ಕರಾರು ಮುಗಿದಿದ್ದರೂ ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಪಾಸ್‌ಪೋರ್ಟ್ ಕೊಡುತ್ತಿರಲಿಲ್ಲ. ಅವನ ಮುದಿ ತಾಯಿಯನ್ನು ನೋಡಿಕೊಳ್ಳಲು ಬೇರೆ ಯಾರಿದ್ದರು? ಮುಲ್ಕಿಯಲ್ಲಿ ನನ್ನಮ್ಮನೂ ಹಾಸಿಗೆ ಹಿಡಿದಿದ್ದಳು. ಹೊರಗಿನಿಂದ ಬೀಗ, ಕೈಯಲ್ಲಿ ಫೋನೂ ಇಲ್ಲ. ಸಾಮಾನು ತಂದುಕೊಡುವ ಅಂಗಡಿಯ ಹಮೀದಣ್ಣ, ನಮ್ಮೂರ ಕಡೆಯ ಬ್ಯಾರಿ, ನಿಮಗೆ ಸುದ್ದಿ ಮುಟ್ಟಿಸಿದ್ದರು. ಶುಕ್ರವಾರ ಇವಳನ್ನು ಚರ್ಚಿಗೆ ಕಳಿಸಿ ಎಂದು ನೀವು ಅರಬ್ಬಿಯಲ್ಲಿ ಕೇಳಿದಿರಿ. "ಇಲ್ಲ, ಖಲಾಸ್" ಎಂದ ಅವನು. ಆದರೂ ಬಾಗಿಲಿಗೆ ಬಂದ ಹಿರಿಯರನ್ನು ಹಾಗೇ ಅಟ್ಟಲು ಮನಸ್ಸಾಗಲಿಲ್ಲವೇನೋ. ಬೇಕಾದರೆ ಅಂಗಳದಲ್ಲಿ, ತನ್ನ ಕಣ್ಣೆದುರಿಗೇ ಪ್ರಾರ್ಥನೆ ಮಾಡಿ ಎಂದ.

ನೀವು ಕಣ್ಣು ಮುಚ್ಚಿ ಕನ್ನಡದಲ್ಲಿ ಶುರು ಮಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. "ಕರ್ತನೇ, ಊರಿಗೆ ಫೋನ್ ಮಾಡಿದ್ದೆ. ಇವಳ ಅಮ್ಮ ಈಗ ಎದ್ದು ಕೂತುಕೊಳ್ತಾರೆ. ಗಂಜಿ ಸೇರ್ತದೆ. ಆಮೆನ್." ಕನ್ನಡ ಬಾರದ ಕಫೀಲ್ ಪ್ರಾರ್ಥನೆಯೆಂದೇ ಗೌರವದಿಂದ ನಿಂತಿದ್ದ! ಮುಂದೆ ವಾರ ವಾರವೂ ಹಾಗೇ...

ನೀವು ಆರ್ಚ್‌ಡೀಕನ್, ದೊಡ್ಡ ಮನುಷ್ಯರು ಎಂದು ಹಮೀದಣ್ಣ ಒಮ್ಮೆ ಹೇಳಿದರು. ಮುಂದಿನ ಶುಕ್ರವಾರ ನಾನೂ ಕಣ್ಣು ಮುಚ್ಚಿ ಕೇಳಿದೆ: "ಕರ್ತನೇ, ಆರ್ಚ್‌ಡೀಕನ್ ಅಂದ್ರೆ ಎಂತ?" ನೀವು ರಾಗ ಬದಲಿಸದೆ, "ಬಿಷಪ್ಪರಿಗೆ ಹೋಗ್ಲಿಕ್ಕೆ ಆಗದ ಕಡೆಗೆಲ್ಲ ಹೋಗುವವ, ಕರ್ತನೇ" ಎಂದಿರಿ. ಉಡುಪಿಯಲ್ಲಿ ಮೇಷ್ಟ್ರಾಗಿದ್ದದ್ದು, ದೀಕ್ಷೆ ಪಡೆದದ್ದು, ಕೊಲ್ಲಿ ಯುದ್ಧ ಮುಗಿದ ಹೊಸತರಲ್ಲಿ ಯಾರೂ ಒಪ್ಪದಿದ್ದಾಗ ಕುವೈತಿಗೆ ಬಂದದ್ದು, ಈಗ ಕೊಲ್ಲಿಯ ಕ್ರೈಸ್ತ ಸಭೆಗಳನ್ನೆಲ್ಲ ಸುತ್ತುತ್ತಿರುವುದು... ನಿಮ್ಮ ಬದುಕನ್ನೆಲ್ಲ ನಾನು ಹೀಗೆ ಆಮೆನ್‌ಗಳ ನಡುವೆಯೇ ಕೇಳಿದೆ.

ಕೊನೆಯ ಸಲ ಬಂದಾಗ ನಿಮ್ಮ ದನಿ ತಗ್ಗಿತ್ತು. "ಮಗಳೇ, ನಿನ್ನಮ್ಮ ನಿನ್ನೆ ತೀರಿಕೊಂಡರು. ತಲೆ ಬಗ್ಗಿಸಿ ಅಳು. ಪ್ರಾರ್ಥನೆ ಅಂದುಕೊಳ್ತಾನೆ." ಎಷ್ಟು ಹೊತ್ತು ಅತ್ತೆನೋ. ನೀವು ಬಾಯಿಗೆ ಬಂದ ಕೀರ್ತನೆಗಳನ್ನೆಲ್ಲ ಹೇಳುತ್ತಲೇ ಹೋದಿರಿ. ನನ್ನ ಅಳು ನಿಲ್ಲುವವರೆಗೆ ಆಮೆನ್ ಹೇಳಲೇ ಇಲ್ಲ.

ಆಮೇಲೆ ಬಹರೈನಿನ ಸಭೆಗೆ ಹೋದವರು ಅಲ್ಲೇ ಹೃದಯ ನಿಂತು... ಹಮೀದಣ್ಣ ಹೇಳಿದಾಗ ನಾನು ನಂಬಲಿಲ್ಲ. ನೀವು ಬಾರದ ಶುಕ್ರವಾರ ಕಫೀಲನ ತಾಯಿಯೇ ವಿಚಾರಿಸಿದಳು. ಕಿಟಕಿಯಾಚೆ ನಿಮ್ಮ ದನಿ ಕೇಳುವುದು ಅವಳಿಗೂ ರೂಢಿಯಾಗಿತ್ತಲ್ಲ? ವಿಷಯ ತಿಳಿದು ಮಗನನ್ನು ಕರೆದಳು. "ಇವಳನ್ನು ನೋಡಲು ಬರುತ್ತಿದ್ದವರು ಅವರೊಬ್ಬರೇ. ಇನ್ನು ಕಳಿಸಿಬಿಡು" ಎಂದಳು. ಮೂರನೆಯ ದಿನ ಅವನು ಪಾಸ್‌ಪೋರ್ಟ್ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋದ.

ಈಗ ಕುವೈತಿನಲ್ಲೇ, ಖೈತಾನಿನಲ್ಲಿ ಹಮೀದಣ್ಣನ ಮನೆಯಲ್ಲಿದ್ದೇನೆ. ಊರಿಗೆ ಟಿಕೆಟ್ಟೂ ಆಗಿದೆ. ಆದರೂ ಬಾಗಿಲ ಬಳಿ ಹೋದರೆ ಕಾಲು ಮುಂದಕ್ಕೆ ಬರುವುದಿಲ್ಲ. "ಹೋಗ್ಲಾ?" ಎಂದುಬಿಡುತ್ತೇನೆ. "ಯಾರನ್ನು ಕೇಳ್ತಾ ಇದ್ದೀ ಮಾರಾಯ್ತಿ? ಬಾಗಿಲು ತೆರೆದೇ ಉಂಟಲ್ಲ!" ಎನ್ನುತ್ತಾರೆ ಅವರ ಹೆಂಡತಿ. ಅವರಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬೇಕಿರಲಿಲ್ಲ.

ನಾಳೆ ಶುಕ್ರವಾರ. ನಿಮ್ಮ ಚರ್ಚನ್ನು ನಾನಿನ್ನೂ ನೋಡಿಲ್ಲ. ಬರುತ್ತೇನೆ, ಅಯ್ಯನವರೇ. ಯಾರನ್ನೂ ಕೇಳುವುದಿಲ್ಲ.

ನಿಮ್ಮ ಮಗಳು,
ಸುಗುಣ