ಬಲಗಡೆಯ ಮುಂದಿನ ಜಾಗ

ಅಪ್ಪಾ,

ಮಡಕೆಯಲ್ಲಿ ಕಪ್ಪು ಬೀನ್ಸ್ ಇದೆ, ಬಿಸಿ ಮಾಡಿಕೊಳ್ಳಿ. ಪಲ್ಲಕ್ಕಿ ಹೊರುವಾಗ ತೊಡುವ ನಿಮ್ಮ ನೇರಳೆ ನಿಲುವಂಗಿಗೆ ಇಸ್ತ್ರಿ ಹಾಕಿದ್ದೇನೆ. ಬೈಯಬೇಡಿ.

ನಿನ್ನೆ ನೀವು ಹೊಲದಲ್ಲಿದ್ದಾಗ ಫರ್ಮಿನ್ ಚಿಕ್ಕಪ್ಪ ಬಂದಿದ್ದರು. ಬಾಗಿಲಲ್ಲೇ ನಿಂತು, "ಆ ಮೊಂಡ ಅಣ್ಣನಿಗೆ ಹೇಳು, ಮೆರವಣಿಗೆಗೆ ಯಾವ ವಾದ್ಯದವರು ಅನ್ನೋ ನಮ್ಮ ಜಗಳ ಸಾಕು, ಅವನು ಹೇಳಿದವರೇ ಬಾರಿಸಲಿ. ನನ್ನ ಹೆಗಲಿಗೆ ಸಮನಾದ ಹೆಗಲು ಈ ಊರಲ್ಲಿ ಅವನದೊಂದೇ" ಅಂದರು.

ಹೋದ ವರ್ಷದ ಗುಡ್ ಫ್ರೈಡೇ ದಿನ ನೀವಿಲ್ಲದೆ ಯೇಸುವಿನ ಪಲ್ಲಕ್ಕಿ ಒಂದು ಕಡೆಗೆ ವಾಲಿತ್ತು. ಜನ ನಕ್ಕರು. ಚಿಕ್ಕಪ್ಪ ಹೊರುತ್ತಲೇ ಅತ್ತರು. ನಾನು ನೋಡಿಯೂ ನಿಮಗೆ ಹೇಳಿರಲಿಲ್ಲ.

ಬೀದಿಗೆ ಹೂ ಹಾಸಲು ಹೊರಟಿದ್ದೇನೆ. ಇವತ್ತಿನ ಮೆರವಣಿಗೆ ಹತ್ತಕ್ಕೆ. ಪಲ್ಲಕ್ಕಿಯ ಬಲಗಡೆಯ ಮುಂದಿನ ಜಾಗ ನಮ್ಮಪ್ಪನದು, ಬೇರೆಯವರನ್ನು ನಿಲ್ಲಿಸಬೇಡಿ ಎಂದು ಪಾದ್ರಿಗಳಿಗೆ ಹೇಳಿದ್ದೇನೆ. ನಾನೇ ಹೇಳಿದೆ ಅಪ್ಪಾ, ಎಲ್ಲರೆದುರು, ಗಟ್ಟಿಯಾಗಿ.

ಯುಲಾಲಿಯಾ