ಬಂದವರು ಯಾರೂ ಇಲ್ಲ

ಮೇ 4, ಬೆಳಗ್ಗೆ

ಹನ್ನೊಂದು ಮನೆ ಮುಗಿಯಿತು. ನಾನು ಆಡಿ ಬೆಳೆದ ಓಣಿ, ಅದಕ್ಕೇ ಈ ಸಮೀಕ್ಷೆಯನ್ನು ನನ್ನ ತಲೆಗೆ ಕಟ್ಟಿದ್ದು. ಟಿರಾನಾ ನಗರ ದಿನಕ್ಕೊಂದು ಮಹಡಿ ಬೆಳೆಯುತ್ತಿದೆ. ನಗರಸಭೆಗೆ ಜನರ ನಡುವೆ ಬಾಂಧವ್ಯ ಎಷ್ಟು ಉಳಿದಿದೆ ಅಂತ ಅಳೆಯಬೇಕಂತೆ. ಅಂಕ ಕಡಿಮೆ ಬಂದ ಓಣಿಯನ್ನು ಹೊಸ ಕಟ್ಟಡಗಳಿಗಾಗಿ ಮೊದಲು ಕೆಡವುತ್ತಾರೆ.

ಏಳನೇ ಪ್ರಶ್ನೆ — ಕಳೆದ ವಾರ ಮನೆಗೆ ಎಷ್ಟು ಜನ 'ಮಿಕ್' ಬಂದಿದ್ದರು?

ನಾಜ್ಮಿಯೆ ಚಿಕ್ಕಮ್ಮ ಅಂಗಳದಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಜೊತೆಗೆ ಪಕ್ಕದ ಮನೆಗಳ ಮೂವರು. "ಯಾರೂ ಬಂದಿಲ್ವಲ್ಲೇ. ನಮ್ಮನೆಗೆ ಯಾರು ಬರ್ತಾರೆ?" ಆ ಮೂವರಲ್ಲಿ ಒಬ್ಬಳು ಒಳಗೆ ಹೋಗಿ ಉಪ್ಪಿನ ಡಬ್ಬಿ ತಾನೇ ಎತ್ತಿಕೊಂಡು ಹೊರಟಳು. ಸೊನ್ನೆ ಬರೆದೆ. ದ್ರಾಕ್ಷಿ ಚಪ್ಪರದ ಕೆಳಗೆ ಹಸಿರು ಬಿಸಿಲು... ಕೆಲಸ ಮರೆತು ಕೂತುಬಿಟ್ಟೆ.

ಮೇ 6

ಕನಸು. ಓಣಿಯ ಬಾಗಿಲುಗಳೆಲ್ಲ ಕೀಲು ಕಳಚಿಕೊಂಡು ದಾಯ್ತಿ ಬೆಟ್ಟ ಹತ್ತುತ್ತಿವೆ. ಹಿಂದೆ ನಾನು, ಎಣಿಸುತ್ತಾ. ಎಣಿಕೆ ತಪ್ಪುತ್ತಲೇ ಇತ್ತು. ಹೆದರಿಕೆ ಇಲ್ಲ, ಹಿತವಾಗಿತ್ತು.

ಮೇ 27

ಫಲಿತಾಂಶ. ನಮ್ಮ ಓಣಿಗೆ ನೂರಕ್ಕೆ ಒಂಬತ್ತು. ಪಟ್ಟಿಯಲ್ಲಿ ಕಟ್ಟಕಡೆ.

ಆಗ ಹೊಳೆಯಿತು. ನಮ್ಮ ಭಾಷೆಯಲ್ಲಿ ಮಿಕ್ ಅಂದರೆ ಸ್ನೇಹಿತನೂ ಹೌದು, ಅತಿಥಿಯೂ ಹೌದು. ಪ್ರಶ್ನೆ ಬರೆದವನು ಕೇಳಿದ್ದು ಸ್ನೇಹಿತರ ಬಗ್ಗೆ. ಓಣಿಗೆ ಕೇಳಿಸಿದ್ದು ಅತಿಥಿ ಅಂತ. ದಿನಕ್ಕೆ ಹತ್ತು ಸಲ ಒಳಗೆ ನುಗ್ಗುವವಳನ್ನು ಅತಿಥಿ ಅಂತ ಯಾರು ಅಂದಾರು? ನನಗೂ ಹಾಗೇ ಕೇಳಿಸಿತ್ತಲ್ಲ. ಥೂ, ನನ್ನ ಬುದ್ಧಿಗಿಷ್ಟು.

ಮೇ 28

ಇದನ್ನೆಲ್ಲ ಹೇಳಿದರೆ ಮೇಲ್ವಿಚಾರಕ ಅರ್ದಿತ್ ನಕ್ಕ. "ಬೇರೆ ಕಡೆಯೋರೂ ಇದೇ ಭಾಷೆ ಆಡ್ತಾರಲ್ಲ, ಲುಲ್ಯೇತಾ?"

"ಅಲ್ಲಿ ಫ್ಲ್ಯಾಟ್ ಜನ ಸಾರ್. ಫೋನ್ ಮಾಡಿ ಬರ್ತಾರೆ. ಅವರಿಗೆ ಸ್ನೇಹಿತರೂ ಅತಿಥಿಗಳೇ."

"ಚೆನ್ನಾಗಿದೆ. ಆದ್ರೆ ಸಹಿ ನಿಂದೇ ಅಲ್ವಾ?"

ಇನ್ನೊಮ್ಮೆ ಅಳೆಯುವುದಿಲ್ಲವಂತೆ.

ಜೂನ್ 9, ಸಂಜೆ

ನಾನೇ ಹೋಗಿ ಹೇಳಿದೆ — ಓಣಿ ಕೆಡವುತ್ತಾರೆ, ಇಲ್ಲಿ ಯಾರಿಗೂ ಯಾರೂ ಇಲ್ಲ ಅಂತ ಕಾಗದದಲ್ಲಿದೆ. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮಗೆ ಯಾರೂ ಇಲ್ವಂತೆ, ಬನ್ರೇ, ಕೇಳ್ರೇ!" ಗೋಡೆಯಾಚೆಯಿಂದೆಲ್ಲ ಬಂದರು. ಅಂಗಳ ತುಂಬಿತು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು.

"ಬರೆದಿದ್ದು ಯಾರೇ?"

"ನಾನೇ, ಚಿಕ್ಕಮ್ಮ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಳಗೆ ಹೋಗಿ ಅತಿಥಿಗಳಿಗೆ ಅಂತ ಇಟ್ಟಿದ್ದ ಕುರ್ಚಿ ತಂದಳು. ಒರೆಸಿ ನನ್ನ ಮುಂದಿಟ್ಟಳು.

"ಕೂತ್ಕೊಳ್ಳಿ" ಅಂದಳು.

ಕೂತ್ಕೊಳ್ಳೇ ಅಲ್ಲ. ಕೂತ್ಕೊಳ್ಳಿ. ಕೂತೆ. ಅವರೆಲ್ಲ ಒಬ್ಬರಿಗೊಬ್ಬರು ಆತು ನಿಂತಿದ್ದರು, ನಾನೊಬ್ಬಳೇ —