ಕಡಲಿಗೆ ಉಡಿ ತುಂಬಿದ್ದು

ಗೋಕರ್ಣ

ಅಪ್ಪನಿಗೆ ಶರಣು. ಫೋನಿನಲ್ಲಿ ಹೇಳಿದರೆ ಅವ್ವ ಕೇಳಿಸಿಕೊಳ್ಳುತ್ತಾಳೆ, ಅದಕ್ಕೇ ಈ ಕಾರ್ಡು. ಮಳೆಗಾಲವಾದ್ದರಿಂದ ಕಡಲ ದಂಡೆಯಲ್ಲಿ ನಾವೇ ನಾವು. ಕಡಲೂ ಗಂಗವ್ವನೇ ಎಂದು ಅವ್ವ ಉಡಿ ತುಂಬಲು ಖಣ, ತೆಂಗಿನಕಾಯಿ ನೀರಿಗೆ ಬಿಟ್ಟಳು. ತೆರೆ ಅವನ್ನು ತಂದು ಅವಳ ಕಾಲ ಬಳಿಯೇ ಹಾಕಿತು. ಮತ್ತೆ ಬಿಟ್ಟಳು, ಮತ್ತೆ ಬಂದವು. ಸಾಕು, ಹೋಗೋಣ ಎಂದೆ.

"ಮರ್ಯಾದಸ್ಥ ಹೆಣ್ಮಗಳು ಒಮ್ಮಿಗೇ ತಗೋತಾಳೇನು? ಒತ್ತಾಯ ಮಾಡಬೇಕಪಾ" ಎಂದು ಸಂಜೆಯವರೆಗೂ ಮಳೆಯಲ್ಲೇ ನಿಂತಳು.

ಎಲ್ಲರಿಗೂ ನೆಗಡಿ. ಜ್ವರವಿಲ್ಲ, ಚಿಂತೆ ಬೇಡ. ಖಣ, ಕಾಯಿ ಇನ್ನೂ ನಮ್ಮ ರೂಮಿನಲ್ಲೇ ಇವೆ. ಅವ್ವನ ಕೈಯಿಂದ ಗಾಳಿಗೆ ಹಾರಿದ ನಿಮ್ಮ ಹೊಸ ಛತ್ರಿಯನ್ನು ಮಾತ್ರ ಗಂಗವ್ವ ಒಂದು ಸಲವೂ ಬೇಡವೆನ್ನದೆ ತೆಗೆದುಕೊಂಡಳು.

ಬಸವಕಿರಣ